ದಾರಕ್ಕೆ ಸಿಗದ ಹೂವು

ಒಂದು ಆಟವಿದೆ. ಅದಕ್ಕೆ ಪಗಡೆಹಾಸು ಬೇಡ, ಕವಡೆ ಬೇಡ, ಕಾಸಂತೂ ಬೇಡವೇ ಬೇಡ. ಸಂಗೀತದ ಗೀಳು ಹತ್ತಿಸಿಕೊಂಡ ಇಬ್ಬರೋ ಮೂವರೋ ಇದ್ದು, ಹೊರಗೆ ಮಳೆ ಹಿಡಿದಿದ್ದರೆ ಸಾಕು. ಒಬ್ಬರು ಮೂರು ನಾಲ್ಕು ಕೃತಿಗಳ ಹೆಸರು ಹೇಳಬೇಕು. ಆ ಹೆಸರುಗಳನ್ನು ಒಳಗೊಳಗೇ ಪೋಣಿಸಿರುವ ದಾರ ಯಾವುದೆಂದು ಉಳಿದವರು ಊಹಿಸಬೇಕು.

ಬೆಥೋವನ್ನನ ‘ಮೂನ್‌ಲೈಟ್ ಸೊನಾಟಾ’, ಡೆಬುಸಿಯ ‘ಕ್ಲೇರ್ ದ ಲ್ಯೂನ್’, ಮುತ್ತುಸ್ವಾಮಿ ದೀಕ್ಷಿತರ ‘ಚಂದ್ರಂ ಭಜ’. ನಡುವಿನದು ಫ್ರೆಂಚ್ ಭಾಷೆಯಲ್ಲಿ ಬೆಳದಿಂಗಳು ಎಂದು ಗೊತ್ತಿದ್ದವರು ಕೂಡಲೇ ‘ಚಂದ್ರ’ ಎಂದುಬಿಡುತ್ತಾರೆ. ಇದು ಬಾಲಪಾಠ. ಮುಂದಿನ ತರಗತಿಯವರಿಗೆ ಇನ್ನೊಂದಿದೆ. ಆಸ್ಟ್ರಿಯಾದ ಹೈಡನ್ ನೂರಕ್ಕೂ ಮಿಕ್ಕಿ ಸಿಂಫನಿಗಳನ್ನು ಬರೆದ. ಅವುಗಳಲ್ಲಿ 82ನೆಯದಕ್ಕೆ ‘ಕರಡಿ’ ಎಂದೂ 83ನೆಯದಕ್ಕೆ ‘ಕೋಳಿ’ ಎಂದೂ 101ನೆಯದಕ್ಕೆ ‘ಗಡಿಯಾರ’ ಎಂದೂ ಹೆಸರು. ಇವನ್ನು ಕಟ್ಟಿರುವ ದಾರ ಯಾವುದು? ‘ಪ್ರಾಣಿಗಳು’ ಎನ್ನಲು ಹೊರಟ ಬಾಯಿ ಗಡಿಯಾರದ ಮುಂದೆ ನಿಂತುಬಿಡುತ್ತದೆ. ಸ್ವಲ್ಪ ಜಾಣರು ‘ಸದ್ದು ಮಾಡುವಂಥವು’ ಎನ್ನುತ್ತಾರೆ. ತಪ್ಪೆನ್ನುವಂತಿಲ್ಲ. ಆದರೆ ಪ್ರಶ್ನೆ ಹಾಕಿದವನ ಮನಸ್ಸಿನಲ್ಲಿದ್ದ ಉತ್ತರವೇ ಬೇರೆ: ಈ ಮೂರು ಹೆಸರುಗಳಲ್ಲಿ ಒಂದನ್ನೂ ಹೈಡನ್ ಇಟ್ಟವನಲ್ಲ. ಕೇಳಿದವರು, ಮಾರಿದವರು, ಬರೆದವರು ತಮಗೆ ತೋಚಿದಂತೆ ಕರೆದ ಹೆಸರುಗಳು ಅವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಗಡಿಯಾರವನ್ನು ಕೈಬಿಟ್ಟವನಿಗೆ ಉತ್ತರ ಬಹಳ ಸುಲಭವಾಗಿ ಸಿಕ್ಕುತ್ತದೆ, ಆದರೆ ಅದು ತಪ್ಪು ಉತ್ತರ. ಗಡಿಯಾರವನ್ನು ಉಳಿಸಿಕೊಂಡವನಿಗೆ ಎರಡು ಉತ್ತರಗಳು ಸಿಕ್ಕುತ್ತವೆ, ಎರಡೂ ಹೊಂದುತ್ತವೆ. ಹಾಗಾದರೆ ಸರಿಯಾದುದು ಯಾವುದು? ಕೇಳಿದವನ ಮನಸ್ಸಿನಲ್ಲಿದ್ದದ್ದೇ? ಕೇಳಿದವನು ಎದುರಿಗೆ ಕೂತಿದ್ದಾಗ ಇದು ಪ್ರಶ್ನೆಯೇ ಅಲ್ಲ. ನಮ್ಮ ಮದುವೆಮನೆಗಳಲ್ಲಿ ಒಗಟು ಹಾಕಿ ಬೀಗರ ಕಡೆಯವರನ್ನು ಕಟ್ಟಿಹಾಕುತ್ತಿದ್ದರಲ್ಲ, ಅಲ್ಲಿ ಉತ್ತರ ಒಗಟು ಹಾಕಿದಾಕೆಯ ಸೆರಗಿನಲ್ಲಿ ಭದ್ರವಾಗಿರುತ್ತಿತ್ತು. ಸೋತವರು ಕೇಳಿ ತಿಳಿದುಕೊಳ್ಳಬಹುದಾಗಿತ್ತು. ಹೆಸರುಗಳನ್ನು ಬಿಟ್ಟು ಆ ಮನುಷ್ಯನೇ ಎದ್ದುಹೋಗಿದ್ದರೆ? ಆಗ ನಾವು ಹುಡುಕಿದ ದಾರ ಅಲ್ಲಿ ಇದ್ದದ್ದೋ, ನಮ್ಮ ಬೆರಳಿನಿಂದ ಬಿದ್ದದ್ದೋ ಎಂದು ಹೇಳುವವರು ಯಾರು? ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಇದು. ಇದು ಕೇವಲ ಆಟದ ಪ್ರಶ್ನೆಯಲ್ಲ, ಮನೆಮಂದಿಯ ನೆಮ್ಮದಿಗೆ ತಾಗುವ ಪ್ರಶ್ನೆಯೂ ಹೌದು. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು, ಅನುಮಾನಕ್ಕೆ ಎಡೆಯಿಲ್ಲದಂತೆ ಇಟ್ಟವರೇ ಇಟ್ಟ ದಾರವನ್ನು ನೋಡೋಣ. ಅದಕ್ಕೆ ನಮ್ಮ ಕರ್ನಾಟಕ ಸಂಗೀತಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರುಗಳಲ್ಲಿ ಒಂದು ಲೆಕ್ಕ ಅಡಗಿದೆ. ಕಟಪಯಾದಿ ಎಂಬ ಆ ಪದ್ಧತಿಯಲ್ಲಿ ಒಂದೊಂದು ವ್ಯಂಜನಕ್ಕೂ ಒಂದೊಂದು ಅಂಕಿ. ಕ, ಟ, ಪ, ಯ ಈ ನಾಲ್ಕಕ್ಕೂ ಒಂದು. ಅಲ್ಲಿಂದ ಸಾಲಾಗಿ ಎಣಿಸಿಕೊಂಡು ಹೋಗಬೇಕು. ರಾಗದ ಹೆಸರಿನ ಮೊದಲೆರಡು ಅಕ್ಷರಗಳ ಅಂಕಿಗಳನ್ನು ಬರೆದು ತಿರುವುಮುರುವು ಮಾಡಿದರೆ ರಾಗದ ಸಂಖ್ಯೆ ಸಿಕ್ಕುತ್ತದೆ. ಮಾಯಾಮಾಳವಗೌಳದಲ್ಲಿ ಮ ಎಂದರೆ 5, ಯ ಎಂದರೆ 1. 51ನ್ನು ತಿರುಗಿಸಿದರೆ 15. ಅದು ಹದಿನೈದನೆಯ ಮೇಳ.

ಆದರೆ ಶಂಕರಾಭರಣ, ಕಲ್ಯಾಣಿ, ತೋಡಿಗಳಂಥ ರಾಗಗಳು ಈ ಲೆಕ್ಕದ ಹಂಗಿಲ್ಲದೆ ಮೊದಲೇ ಹೆಸರು ಮಾಡಿದ್ದವು. ಅವು ಸಾಲಿಗೆ ಬರಲಿಲ್ಲ. ಹಾಗೆಂದು ಬಿಡುವಂತೆಯೂ ಇರಲಿಲ್ಲ. ಲೆಕ್ಕ ಇಟ್ಟವರು ಏನು ಮಾಡಿದರು? ಶಂಕರಾಭರಣದ ಹಿಂದೆ ‘ಧೀರ’ ಎಂದು ಸೇರಿಸಿದರು. ಧ 9, ರ 2, 29ನೆಯ ಮೇಳವಾಯಿತು. ಕಲ್ಯಾಣಿ ‘ಮೇಚಕಲ್ಯಾಣಿ’ಯಾಗಿ 65ರಲ್ಲಿ ಕುಳಿತಳು. ತೋಡಿ ‘ಹನುಮತೋಡಿ’ಯಾಗಿ ಎಂಟನೆಯ ಮನೆ ಸೇರಿತು. ಅಷ್ಟಾದರೂ ತಕರಾರು ಮುಗಿಯಲಿಲ್ಲ. ಒತ್ತಕ್ಷರ ಬಂದರೆ ಅದರ ಕೊನೆಯ ವ್ಯಂಜನವನ್ನು ಎಣಿಸುವುದು ವಾಡಿಕೆ. ‘ರತ್ನಾಂಗಿ’ಯಲ್ಲಿ ಹಾಗೆಯೇ ಎಣಿಸುತ್ತೇವೆ. ‘ಚಕ್ರವಾಕ’ದಲ್ಲೂ ಹಾಗೆಯೇ ಮಾಡಿದರೆ ಅದು 26ಕ್ಕೆ ಹೋಗಿ ಚಾರುಕೇಶಿಯ ಮನೆಯಲ್ಲಿ ಕೂತುಬಿಡುತ್ತದೆ. ಅಲ್ಲಿ ಮಾತ್ರ ‘ಕ್ರ’ದೊಳಗಿನ ಕಕಾರವನ್ನು ಹಿಡಿಯಬೇಕು, ಆಗ ತನ್ನ ಮನೆಯಾದ 16 ಸಿಕ್ಕುತ್ತದೆ. ಸಂಗೀತದ ಪಾಠ ಹೇಳುವವರು ಇದನ್ನು ಮುಚ್ಚಿಡುವುದಿಲ್ಲ. ‘ಇಲ್ಲಿ ಹೀಗೆ ಹಿಡಿಯಬೇಕಪ್ಪ’ ಎಂದು ನಕ್ಕು ಮುಂದೆ ಹೋಗುತ್ತಾರೆ. ನನಗೆ ಈ ವ್ಯವಸ್ಥೆಯಲ್ಲಿ ಬಹಳ ಇಷ್ಟವಾದದ್ದು ಇದೇ. ದಾರ ಕಟ್ಟಿದವರು ನಾವು ಎಂದು ಅವರು ಒಪ್ಪಿಕೊಂಡಿದ್ದಾರೆ. ಎಲ್ಲಿ ಗಂಟು ಹಾಕಿದೆವು ಎಂಬುದೂ ಎಲ್ಲರ ಕಣ್ಣಿಗೆ ಬೀಳುವಂತಿದೆ. ಹೊಂದದ ರಾಗವೆಂದು ಶಂಕರಾಭರಣವನ್ನು ಯಾರೂ ಹೊರಗೆ ಹಾಕಲಿಲ್ಲ. ರಾಗಕ್ಕೋಸ್ಕರ ಹೆಸರೇ ಸ್ವಲ್ಪ ಬಾಗಿತು.

ಪಾಶ್ಚಾತ್ಯರಲ್ಲೂ ಹೀಗೆ ಹೂತಿಟ್ಟವರಿದ್ದಾರೆ. ಜರ್ಮನಿಯ ಶೂಮನ್ 1834–35ರಲ್ಲಿ ‘ಕಾರ್ನವಾಲ್’ ಎಂಬ ಪಿಯಾನೋ ಮಾಲಿಕೆಯನ್ನು ಬರೆದ. ಅದರ ಚಿಕ್ಕ ಚಿಕ್ಕ ರಚನೆಗಳಿಗೆ ಮುಖವಾಡ ಕುಣಿತದ ಪಾತ್ರಗಳ, ಗೆಳೆಯರ, ಗೆಳತಿಯರ ಹೆಸರುಗಳಿವೆ. ಮೇಲುನೋಟಕ್ಕೆ ಸಂತೆ. ಒಳಗಿರುವುದು ನಾಲ್ಕು ಸ್ವರಗಳ ಗಂಟು. ಜರ್ಮನರು ಸ್ವರಗಳನ್ನು ಬರೆಯುವ ರೀತಿಯಲ್ಲಿ ಅವನ್ನು ಜೋಡಿಸಿ ಓದಿದರೆ ‘ಆಶ್’ ಎಂದಾಗುತ್ತದೆ. ಅದು ಆಗ ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ಊರು. ಸ್ವಾರಸ್ಯವೆಂದರೆ ಶೂಮನ್ನನ ಹೆಸರಿನಲ್ಲಿ ಸ್ವರವಾಗಬಲ್ಲ ಅಕ್ಷರಗಳೂ ಅವೇ. ಆ ಗಂಟುಗಳನ್ನು ಅವನು ‘ಸ್ಫಿಂಕ್ಸ್’ ಎಂಬ ಹೆಸರಿನಲ್ಲಿ ಹಾಳೆಯ ಮೇಲೆ ಅಚ್ಚು ಹಾಕಿಸಿಯೇ ಬಿಟ್ಟ. ಹೆಚ್ಚಿನ ವಾದಕರು ಅವನ್ನು ನುಡಿಸುವುದಿಲ್ಲ. ಕಣ್ಣಿಗೆ ಕಾಣಲೆಂದು ಇಟ್ಟದ್ದು. ಕಳ್ಳ ತಾನೇ ಕೀಲಿಕೈಯನ್ನು ಬಾಗಿಲಿಗೆ ತೂಗುಹಾಕಿ ಹೋದ ಹಾಗೆ.

ಇನ್ನು ಎರಡನೆಯ ಬಗೆ. ಇಲ್ಲಿ ದಾರ ಕಟ್ಟುವವರು ಹೊರಗಿನವರು, ಆದರೆ ಕಟ್ಟಿದ ಗುರುತು ಕಾಣದು. ಮೇಲೆ ಹೇಳಿದ ‘ಮೂನ್‌ಲೈಟ್’ ಸೊನಾಟಾವನ್ನೇ ತೆಗೆದುಕೊಳ್ಳಿ. ಬೆಥೋವನ್ ಅದನ್ನು ಬರೆದದ್ದು 1801ರಲ್ಲಿ. 1802ರಲ್ಲಿ ಅಚ್ಚಾದಾಗ ಅದಕ್ಕೆ ಇದ್ದ ತಲೆಬರಹದ ಅರ್ಥ ‘ಹೆಚ್ಚುಕಡಿಮೆ ಒಂದು ಫ್ಯಾಂಟಸಿಯ ಹಾಗೆ ಇರುವ ಸೊನಾಟಾ’ ಎಂದಷ್ಟೆ. ಅದರಲ್ಲಿ ಚಂದ್ರನೂ ಇಲ್ಲ, ಬೆಳದಿಂಗಳೂ ಇಲ್ಲ. ರೆಲ್‌ಸ್ಟಾಬ್ ಎಂಬ ವಿಮರ್ಶಕ ಅದರ ಮೊದಲ ಭಾಗವನ್ನು ಸರೋವರದ ಮೇಲಿನ ಬೆಳದಿಂಗಳಿಗೆ ಹೋಲಿಸಿದ. ಹೋಲಿಕೆ ಹೆಸರಾಗಿ ಅಂಟಿಕೊಂಡಿತು. ಈಗ ಆ ಸೊನಾಟಾ ಕೇಳುತ್ತ ಚಂದ್ರನನ್ನು ಕಾಣದಿರುವುದು ಕಷ್ಟ. ಮೂರನೆಯ ಭಾಗದಲ್ಲಿ ಪಿಯಾನೋ ಬಿರುಗಾಳಿಯಂತೆ ಮೊರೆಯುತ್ತದೆ, ಅಲ್ಲಿ ಬೆಳದಿಂಗಳಿಗೆ ಕೆಲಸವೇ ಇಲ್ಲ. ಆದರೂ ಹೆಸರು ಗೆದ್ದಿದೆ. ಮೂರನೆಯ ಭಾಗವನ್ನೇ ಕೇಳದ ಎಷ್ಟೋ ಜನ ‘ಮೂನ್‌ಲೈಟ್ ಗೊತ್ತು’ ಎನ್ನುತ್ತಾರೆ.

ಇದಕ್ಕಿಂತ ದೊಡ್ಡ ಉದಾಹರಣೆಗೆ ಮೈಸೂರಿನ ನಂಟಿದೆ. ರಿಚಾರ್ಡ್ ಸ್ಟ್ರೌಸನ ‘ಫೋರ್ ಲಾಸ್ಟ್ ಸಾಂಗ್ಸ್’, ಅಂದರೆ ‘ಕೊನೆಯ ನಾಲ್ಕು ಹಾಡುಗಳು’, ಮೊದಲ ಬಾರಿಗೆ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಹಾಡಿದವಳು ಕರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದವನ್ನು ನಡೆಸಿದವನು ಫುರ್ಟ್‌ವೆಂಗ್ಲರ್. ಆ ಕಛೇರಿಗೆ ಹಣದ ಖಾತರಿ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ‘ಶ್ರೀವಿದ್ಯಾ’ ಎಂಬ ಮುದ್ರೆಯಲ್ಲಿ ಕೀರ್ತನೆ ಕಟ್ಟಿದ ಅದೇ ಮಹಾರಾಜರು. ತಾವು ಸಭೆಗೆ ಹೋಗಲಿಲ್ಲ. ಧ್ವನಿಮುದ್ರಣ ಮೈಸೂರಿಗೆ ಬರಬೇಕೆಂಬುದು ಅವರ ಇಚ್ಛೆಯಾಗಿತ್ತು. ಅಷ್ಟು ಹೊತ್ತಿಗೆ ಸ್ಟ್ರೌಸ್ ಇರಲಿಲ್ಲ. 1949ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ.

ಹಾಡುಗಳ ಹೆಸರುಗಳನ್ನು ಕನ್ನಡದಲ್ಲಿ ಹೇಳುವುದಾದರೆ: ‘ವಸಂತ’, ‘ಸೆಪ್ಟೆಂಬರ್’, ‘ಮಲಗುವ ಹೊತ್ತು’, ‘ಸಂಜೆಗೆಂಪಿನಲ್ಲಿ’. ದಾರ ಯಾವುದೆಂದು ಕೇಳಿದರೆ ಯಾರಾದರೂ ಹೇಳಬಲ್ಲರು. ಹುಟ್ಟು, ಮಾಗು, ನಿದ್ದೆ, ಸಾವು. ಎಂಬತ್ತು ದಾಟಿದ ಮುದುಕ ಲೋಕಕ್ಕೆ ಕೈಮುಗಿದು ಹೊರಟ ಹಾಗೆ. ಕೇಳಿದರೆ ಕಣ್ಣು ತೇವವಾಗುತ್ತದೆ, ನನಗೂ ಆಗಿದೆ. ಆದರೆ ‘ಕೊನೆಯ ನಾಲ್ಕು’ ಎಂಬ ಹೆಸರು ಸ್ಟ್ರೌಸ್ ಇಟ್ಟದ್ದಲ್ಲ. ಅವನ ಪ್ರಕಾಶಕನಾಗಿದ್ದ ಅರ್ನ್ಸ್ಟ್ ರೋಟ್ ಈ ನಾಲ್ಕನ್ನು ಒಟ್ಟು ಮಾಡಿ, ಅನುಕ್ರಮ ಹಾಕಿ, ಹೆಸರಿಟ್ಟ. ಸ್ಟ್ರೌಸ್ ಬರೆದ ಅನುಕ್ರಮ ಬೇರೆ. ಮೊದಲ ಕಛೇರಿಯಲ್ಲಿ ಹಾಡಿದ ಅನುಕ್ರಮವೂ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ ಇವು ಕೊನೆಯವೇ ಅಲ್ಲ. ನಾಲ್ಕೂ ಮುಗಿದ ಮೇಲೆ, 1948ರ ನವೆಂಬರಿನಲ್ಲಿ, ಸ್ಟ್ರೌಸ್ ಇನ್ನೊಂದು ಹಾಡು ಬರೆದು ಮರಿಯಾ ಯೆರಿಟ್ಸಾ ಎಂಬ ಗಾಯಕಿಗೆ ಕೊಟ್ಟಿದ್ದ. ಆಕೆ ಅದನ್ನು ತನ್ನಲ್ಲೇ ಇಟ್ಟುಕೊಂಡಳು. 1982ರಲ್ಲಿ ಆಕೆ ತೀರಿಕೊಂಡ ಮೇಲೆ ಅದು ಹೊರಬಿತ್ತು. 1985ರಲ್ಲಿ ಮೊದಲ ಬಾರಿಗೆ ಸಭೆಯಲ್ಲಿ ಹಾಡಿದರು. ಹಾಡಿನ ಹೆಸರು ‘ಮಾಲ್ವೆನ್’. ನಮ್ಮ ದಾಸವಾಳದ ಬಳಗಕ್ಕೆ ಸೇರಿದ ಒಂದು ಹೂವು. ಅದರಲ್ಲಿ ಸಂಜೆಯಿಲ್ಲ, ಸಾವಿಲ್ಲ, ಪಿಯಾನೋ ಜೊತೆಗೆ ಹಾಡುವ ಒಂದು ಪುಟ್ಟ ಹಾಡು.

ರೋಟ್ ಸುಳ್ಳುಗಾರನೆಂದು ನಾನು ಹೇಳುತ್ತಿಲ್ಲ. ಅವನು ಕಂಡ ದಾರ ಪೂರ್ತಿ ಇಲ್ಲದ್ದೂ ಅಲ್ಲ. ‘ಸಂಜೆಗೆಂಪಿನಲ್ಲಿ’ ಹಾಡಿನ ಕೊನೆಯಲ್ಲಿ ಕವಿ ಸಾವನ್ನು ಹೆಸರಿಟ್ಟೇ ಕೇಳುತ್ತಾನೆ. ಅಲ್ಲಿ ಸ್ಟ್ರೌಸ್ ಅರವತ್ತು ವರ್ಷಗಳ ಹಿಂದೆ ಸಾವಿನ ಬಗೆಗೇ ತಾನು ಕಟ್ಟಿದ್ದ ಒಂದು ರಚನೆಯ ಎಳೆಯನ್ನು ಮತ್ತೆ ತಂದಿದ್ದಾನೆ. ಇಲ್ಲದ್ದನ್ನು ರೋಟ್ ಕಟ್ಟಿದನೆಂದಲ್ಲ; ಇದ್ದ ಒಂದು ಎಳೆಯನ್ನು ಹಿಡಿದು ಎಲ್ಲಕ್ಕೂ ಅದನ್ನೇ ಹಾಸಿಬಿಟ್ಟ. ಸಾಯುವ ಮುನ್ನದ ವರ್ಷ ಮುದುಕನೊಬ್ಬ ದಾಸವಾಳದ ಬಳಗದ ಹೂವಿನ ಮೇಲೂ ಹಾಡು ಕಟ್ಟುತ್ತಿದ್ದ ಎಂಬ ಸಂಗತಿ ಆ ಹೆಸರಿನಿಂದ ಹೊರಗೆ ಬಿತ್ತು. ನನ್ನ ಮಟ್ಟಿಗೆ, ಸ್ಟ್ರೌಸ್ ಎಂಬ ಮನುಷ್ಯ ಹೇಗಿದ್ದ ಎಂದು ತಿಳಿಯಲು ಆ ಐದನೆಯ ಹಾಡು ಉಳಿದ ನಾಲ್ಕರಷ್ಟೇ ಮುಖ್ಯ.

ಮೂರನೆಯ ಬಗೆಯವರು ದಾರವಿದೆ ಎಂದು ಹೇಳಿ ಸುಮ್ಮನಾದವರು. ಇಂಗ್ಲೆಂಡಿನ ಎಲ್ಗಾರ್ ಇವರ ಮುಖಂಡ. 1899ರ ಜೂನ್ 19ರಂದು ಲಂಡನ್ನಿನಲ್ಲಿ ಅವನ ‘ಎನಿಗ್ಮಾ ವೇರಿಯೇಷನ್ಸ್’ ಮೊದಲು ಕೇಳಿಬಂತು. ಹದಿನಾಲ್ಕು ಭಾಗಗಳು, ಹೆಚ್ಚಿನವುಗಳ ತಲೆಯ ಮೇಲೆ ಒಬ್ಬೊಬ್ಬರ ಇನಿಷಿಯಲ್ಲು ಅಥವಾ ಅಡ್ಡಹೆಸರು. ಹೆಂಡತಿ, ಗೆಳೆಯರು, ಕೊನೆಗೆ ತಾನು. ಒಂದರಲ್ಲಿ ಗೆಳೆಯನ ನಾಯಿ ಹೊಳೆಗೆ ಬಿದ್ದದ್ದೂ ಬರುತ್ತದೆ. ಹದಿಮೂರನೆಯದರ ತಲೆಯ ಮೇಲೆ ಮಾತ್ರ ಅಕ್ಷರವೇ ಇಲ್ಲ, ಮೂರು ನಕ್ಷತ್ರದ ಗುರುತು. ಆದರೆ ದೊಡ್ಡ ಒಗಟು ಇದಲ್ಲ. ಇಡೀ ಕೃತಿಯ ಮೇಲೆ ಹಾದುಹೋಗುವ, ಆದರೆ ಎಲ್ಲೂ ನುಡಿಸದ, ಇನ್ನೂ ದೊಡ್ಡ ವಸ್ತುವೊಂದಿದೆ ಎಂದು ಎಲ್ಗಾರ್ ಹೇಳಿದ. ಅದೇನೆಂದು ಹೇಳಲಿಲ್ಲ. ಯಾರೋ ಒಂದು ಹಳೆಯ ಸ್ಕಾಟಿಷ್ ಹಾಡಿನ ಹೆಸರು ಹೇಳಿದರು, ಅಲ್ಲ ಎಂದ. ಆ ಭಾಗಗಳಲ್ಲೊಂದರ ನಾಯಕಿಯಾದ ಡೋರಾ ಪೆನ್ನಿ ಎಂಬ ಹುಡುಗಿ ಕೇಳಿದಾಗ, ಬೇರೆ ಯಾರಿಗಿಂತ ನಿನಗೇ ಹೊಳೆಯುತ್ತದೆ ಎಂದುಕೊಂಡಿದ್ದೆ ಎಂದನಂತೆ. ಅವಳಿಗೆ ಹೊಳೆಯಲಿಲ್ಲ. 1934ರಲ್ಲಿ ಎಲ್ಗಾರ್ ಗುಟ್ಟನ್ನು ಎದೆಯಲ್ಲಿಟ್ಟುಕೊಂಡೇ ಹೋದ. ಅಂದಿನಿಂದ ಇಂದಿನವರೆಗೂ ಉತ್ತರಗಳು ಬರುತ್ತಲೇ ಇವೆ. ಪ್ರತಿಯೊಬ್ಬನಿಗೂ ತನ್ನದು ಪಕ್ಕಾ. ಪ್ರತಿಯೊಬ್ಬನೂ ಹೊಂದದ ಸ್ವರಗಳನ್ನು ಸ್ವಲ್ಪ ಪಕ್ಕಕ್ಕೆ ಸರಿಸಿರುತ್ತಾನೆ.

ಮಹಾರಾಜರು ಅಭಿಮಾನದಿಂದ ಪೋಷಿಸಿದ ನಿಕೊಲಾಯ್ ಮೆಟ್ನರ್ ಇನ್ನೂ ಮೌನಿ. ರಷ್ಯಾ ಬಿಟ್ಟು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ ಈತನ ರಚನೆಗಳು 1940ರ ದಶಕದ ಕೊನೆಯಲ್ಲಿ ಮೈಸೂರಿನ ಹಣದಿಂದ ರೆಕಾರ್ಡಾದವು. ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವನು ಮಹಾರಾಜರಿಗೆ ಅರ್ಪಿಸಿದ. ಮೂವತ್ತಕ್ಕೂ ಹೆಚ್ಚು ಪಿಯಾನೋ ರಚನೆಗಳಿಗೆ ಅವನು ಇಟ್ಟ ಹೆಸರು ‘ಸ್ಕಾಜ್ಕಿ’, ಅಂದರೆ ‘ಕಥೆಗಳು’. ಯಾವ ಕಥೆ? ಬಹುಪಾಲು ರಚನೆಗಳಲ್ಲಿ ಹೇಳಲಿಲ್ಲ. ಅಜ್ಜಿ ‘ಒಂದು ಕಥೆ ಹೇಳ್ತೀನಿ’ ಎಂದು ಕೂರಿಸಿಕೊಂಡು ಬರೀ ದನಿ ಕೇಳಿಸಿ ಕಳಿಸಿದ ಹಾಗೆ.

ಈಗ ನಾನು ಆಮೇಲೆ ಹೇಳುತ್ತೇನೆಂದ ಸಂಗತಿ. ನನ್ನ ಚಿಕ್ಕಪ್ಪ ಮೈಸೂರಿನಲ್ಲಿ ಗುಮಾಸ್ತರಾಗಿದ್ದರು. ಸಂಬಳದಲ್ಲಿ ಅಕ್ಕಿ ಬೇಳೆಗೆ ತೆಗೆದಿಟ್ಟು ಉಳಿದದ್ದರಲ್ಲಿ ರೆಕಾರ್ಡು ಕೊಳ್ಳುತ್ತಿದ್ದರು; ಅಕ್ಕಿ ಬೇಳೆಗೆ ತೆಗೆದಿಟ್ಟದ್ದರಲ್ಲೂ ಕೊಳ್ಳುತ್ತಿದ್ದರೆಂದು ಚಿಕ್ಕಮ್ಮ ಹೇಳುತ್ತಿದ್ದರು. ಈ ಆಟವನ್ನು ನನಗೆ ಕಲಿಸಿದವರು ಅವರೇ. 2009ರಲ್ಲಿ, ಯಾವ ಕಾಯಿಲೆಯ ಸುಳಿವೂ ಇಲ್ಲದೆ, ಒಂದು ಬೆಳಿಗ್ಗೆ ಕಾಫಿ ಕುಡಿದು ಕುಳಿತವರು ಹಾಗೆಯೇ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಗೆ ಎರಡು ದಿನವಿರುವಾಗ ಅವರ ಲೆಕ್ಕದ ಪುಸ್ತಕದಲ್ಲಿ ಒಂದು ಹಾಳೆ ಸಿಕ್ಕಿತು. ತಾರೀಖಿಲ್ಲ, ತಲೆಬರಹವಿಲ್ಲ. ನೀಲಿ ಶಾಯಿಯಲ್ಲಿ, ಅವರ ದುಂಡನೆಯ ಅಕ್ಷರದಲ್ಲಿ, ಒಂದರ ಕೆಳಗೊಂದು ಏಳು ಹೆಸರುಗಳು.

ಅವರ ಮಗ ಹಾಳೆ ಹಿಡಿದು ಬೆಂಗಳೂರಿನಲ್ಲಿದ್ದ ತಂಗಿಗೆ ಫೋನಿನಲ್ಲಿ ಓದಿದ. ಹೈಡನ್ನನ ‘ಫೇರ್‌ವೆಲ್’ ಸಿಂಫನಿ. ಶೂಬರ್ಟನ ‘ಅನ್‌ಫಿನಿಷ್ಡ್’. ಬೆಥೋವನ್ನನ ‘ಮೂನ್‌ಲೈಟ್’, ಅವನದೇ ‘ಲೆ ಆದಿಯೂ’, ಅಂದರೆ ‘ಬೀಳ್ಕೊಡುಗೆ’. ಸ್ಟ್ರೌಸನ ‘ಸಂಜೆಗೆಂಪಿನಲ್ಲಿ’. ಓದಿ ಮುಗಿಸುವಾಗ ಅವನ ಗಂಟಲು ಕಟ್ಟಿತ್ತು. “ಅಪ್ಪನಿಗೆ ಗೊತ್ತಿತ್ತು ಕಣೇ, ಗೊತ್ತಿದ್ದೂ ನಮಗೆ ಹೇಳಲಿಲ್ಲ” ಎಂದ. ಸ್ಮರಣೆಯ ಪುಸ್ತಿಕೆಯಲ್ಲಿ ‘ವಿದಾಯದ ರಾಗಗಳು’ ಎಂಬ ತಲೆಬರಹದಡಿ ಆ ಪಟ್ಟಿಯನ್ನು ಹಾಕುವುದೆಂದೂ ಆಗಲೇ ತೀರ್ಮಾನವಾಯಿತು. ಒಳಗೆ ಮಂಚದ ಮೇಲೆ ಕೂತಿದ್ದ ಚಿಕ್ಕಮ್ಮನಿಗೆ ಎಲ್ಲವೂ ಕೇಳಿಸಿತು. ಗಂಡ ಹೋದ ದುಃಖದ ಜೊತೆಗೆ ಇನ್ನೊಂದು ಸೇರಿಕೊಂಡಿತು. ನಲವತ್ತೊಂದು ವರ್ಷ ಜೊತೆಗಿದ್ದವರು ತನ್ನಿಂದ ಇಷ್ಟು ದೊಡ್ಡದನ್ನು ಮುಚ್ಚಿಟ್ಟರೇ? ಆ ದಿನ ಅವರು ಊಟ ಮಾಡಲಿಲ್ಲ.

ನಾನು ಹಾಳೆ ಇಸಕೊಂಡು ನೋಡಿದೆ. ಅವನು ಓದಿದ್ದು ಐದು, ಇದ್ದದ್ದು ಏಳು. ಬಿಟ್ಟದ್ದು ಯಾವುವೆಂದರೆ, ಬಹುಕಾಲ ಹೈಡನ್ನನ ಹೆಸರಿನಲ್ಲಿ ನಡೆದುಬಂದ, ಗಿಲಕಿ ಪೀಪಿಗಳನ್ನಿಟ್ಟು ನುಡಿಸುವ ‘ಟಾಯ್ ಸಿಂಫನಿ’. ಮತ್ತು ಭೈರವಿಯ ಅಟತಾಳದ ವರ್ಣ ‘ವಿರಿಬೋಣಿ’. ಬೇಕೆಂದು ಬಿಟ್ಟವನಲ್ಲ. “ಅವು ಏನೋ ಸುಮ್ಮನೆ ಬರೆದಿದ್ದಾರೆ ಅಣ್ಣ, ಅದಕ್ಕೆ ಸೇರುವುದಿಲ್ಲ” ಎಂದ. ಯಾವುದಕ್ಕೆ ಸೇರುವುದಿಲ್ಲ? ಅವನು ಅಷ್ಟರಲ್ಲಿ ಕಟ್ಟಿಯಾಗಿದ್ದ ದಾರಕ್ಕೆ.

ನಾನು ಚಿಕ್ಕಮ್ಮನ ಬಳಿ ಕೂತು ಏಳನ್ನೂ ಓದಿದೆ. ‘ಫೇರ್‌ವೆಲ್’ ಎಂದರೆ ಸಾವಿನದಲ್ಲ ಎಂದು ಹೇಳಿದೆ. 1772ರಲ್ಲಿ ಹೈಡನ್ನನ ಧಣಿ ಬೇಸಿಗೆಯರಮನೆಯಲ್ಲಿ ತಿಂಗಳುಗಟ್ಟಲೆ ಉಳಿದುಬಿಟ್ಟ. ವಾದ್ಯಗಾರರಿಗೆ ಹೆಂಡತಿ ಮಕ್ಕಳನ್ನು ನೋಡುವ ಆಸೆ. ಹೈಡನ್ ಬರೆದ ಸಿಂಫನಿಯ ಕೊನೆಯಲ್ಲಿ ಒಬ್ಬೊಬ್ಬರೇ ತಮ್ಮ ದೀಪ ಆರಿಸಿ ಎದ್ದುಹೋಗುತ್ತಾರೆ. ಧಣಿಗೆ ಅರ್ಥವಾಯಿತು. ಅದು ರಜೆಯ ಅರ್ಜಿ. ‘ಲೆ ಆದಿಯೂ’ ಕೂಡ ಹಾಗೆಯೇ. 1809ರಲ್ಲಿ ಫ್ರೆಂಚರ ಸೈನ್ಯಕ್ಕೆ ಹೆದರಿ ವಿಯೆನ್ನಾ ಬಿಟ್ಟುಹೋದ ಶಿಷ್ಯನಿಗೋಸ್ಕರ ಬೆಥೋವನ್ ಬರೆದದ್ದು. ಮೂರನೆಯ ಭಾಗದಲ್ಲಿ ಅವನು ಮರಳಿ ಬರುತ್ತಾನೆ. ಭಾಗದ ಹೆಸರೇ ‘ಮತ್ತೆ ಕಂಡದ್ದು’. ಶೂಬರ್ಟ್ ಆ ‘ಅನ್‌ಫಿನಿಷ್ಡ್’ ಸಿಂಫನಿಯನ್ನು ಅರ್ಧಕ್ಕೆ ಬಿಟ್ಟದ್ದು 1822ರಲ್ಲಿ; ಸತ್ತದ್ದು 1828ರಲ್ಲಿ. ಸಾವು ಬಂದು ಕೈ ಹಿಡಿದದ್ದಲ್ಲ.

ಚಿಕ್ಕಮ್ಮ ರಜೆ ಅರ್ಜಿಯ ಮಾತಿಗೆ ಸ್ವಲ್ಪ ನಕ್ಕರು. ಹಾಳೆಯನ್ನು ಕೈಗೆ ತೆಗೆದುಕೊಂಡು, ಆ ಹೆಸರುಗಳ ಅರ್ಥ ಗೊತ್ತಿಲ್ಲದೆ, ಅಕ್ಷರವನ್ನಷ್ಟೇ ನೋಡಿದರು. ಆಮೇಲೆ, “ಯಾರಿಗೋ ರೆಕಾರ್ಡು ಎರವಲು ಕೊಟ್ಟಿರ್ತಾರೆ ಕಣೋ. ವಾಪಸ್ಸು ಬರದೇ ಇದ್ರೆ ಹೀಗೇ ಬರಕೊಂಡು ಕೂರೋರು” ಎಂದರು. ಏಳಕ್ಕೂ ಹೊಂದುವ ಉತ್ತರ ಕೊಟ್ಟವರು ಆ ಮನೆಯಲ್ಲಿ ಅವರೊಬ್ಬರೇ. ಹೋಗಿ ಬೀರು ತೆಗೆದು ನೋಡಿದೆವು. ಏಳರಲ್ಲಿ ಎರಡು ಅಲ್ಲಿಯೇ ಇದ್ದವು, ಐದು ಇರಲಿಲ್ಲ. ಹಾಗಾಗಿ ಅದೂ ಸಿದ್ಧವಾಗಲಿಲ್ಲ. ಪುಸ್ತಿಕೆಯಲ್ಲಿ ಕೊನೆಗೆ ಪಟ್ಟಿ ಅಚ್ಚಾಯಿತು: ಏಳೂ ಹೆಸರುಗಳು, ಅವರು ಬರೆದ ಅನುಕ್ರಮದಲ್ಲಿ, ತಲೆಬರಹವಿಲ್ಲದೆ.

ಚಿಕ್ಕಪ್ಪನ ಮಗನನ್ನು ನಾನು ದೂರುವುದಿಲ್ಲ. ಅವನು ದೂರದ ಊರಿನ ನೌಕರಿಯಲ್ಲಿದ್ದು ಒಂದು ವರ್ಷದಿಂದ ತಂದೆಯ ಮುಖ ನೋಡಿರಲಿಲ್ಲ. ತಂದೆ ತನಗೆ ಹೇಳಿಹೋಗಬೇಕಾಗಿತ್ತು ಎಂಬ ಆಸೆ ಅವನದು. ಹೇಳದೆ ಹೋದವರು ಕಾಗದದಲ್ಲಾದರೂ ಹೇಳಿದ್ದಾರೆ ಎಂದುಕೊಂಡರೆ ಒಂದು ಸಮಾಧಾನ. ಅವನ ಊಹೆ ತಂದೆಯ ಬಗ್ಗೆ ಏನನ್ನು ಹೇಳಿತೋ ತಿಳಿಯದು, ಅವನ 
ಬಗ್ಗೆ ಮಾತ್ರ ಬಹಳ ಹೇಳಿತು. ಚಿಕ್ಕಮ್ಮನದೂ ಹಾಗೆಯೇ. ರೋಟನದೂ, ಎಲ್ಗಾರನ ಒಗಟು ಬಿಡಿಸಿದವರೆಲ್ಲರದೂ ಹಾಗೆಯೇ ಇರಬೇಕು. ಒಬ್ಬೊಬ್ಬರೂ ತಮಗೆ ಬೇಕಾದ ದಾರವನ್ನೇ ಎಳೆಯುತ್ತಾರೆ.

ಹಾಗಾದರೆ ಊಹಿಸುವುದೇ ತಪ್ಪೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ಊಹೆಯಿಲ್ಲದೆ ಒಬ್ಬರನ್ನೊಬ್ಬರು ಅರಿಯುವ ದಾರಿ ಮನುಷ್ಯರಿಗೆ ಇಲ್ಲ. ತಾಯಿ ಮಗುವಿನ ಅಳುವನ್ನು ಊಹಿಸುತ್ತಾಳೆ, ವೈದ್ಯ ನಾಡಿ ಹಿಡಿದು ಊಹಿಸುತ್ತಾನೆ, ಚರಿತ್ರೆ ಬರೆಯುವವನ ಕಸುಬೇ ಅದು. ಕನಕದಾಸರ ಮುಂಡಿಗೆಗಳನ್ನು ಊಹಿಸಲು ಹೆದರಿ ಮುಚ್ಚಿಟ್ಟಿದ್ದರೆ ಅವು ಇಂದು ನಮ್ಮ ಪಾಲಿಗೆ ಇರುತ್ತಲೇ ಇರಲಿಲ್ಲ. ದಾರ ಇಟ್ಟವರೇ ಇಟ್ಟಿರಬೇಕು, ಇಲ್ಲದಿದ್ದರೆ ಅದು ಸುಳ್ಳು ಎನ್ನುವುದೂ ಅತಿಯಾಯಿತು. ತನ್ನ ಕೃತಿಗಳಲ್ಲಿ ಎಲ್ಲೆಲ್ಲಿ ಏನೇನು ಮರಳಿ ಮರಳಿ ಬರುತ್ತದೆ ಎಂಬುದು ಬರೆದವನಿಗೆ ಗೊತ್ತಿರಲೇಬೇಕೆಂದಿಲ್ಲ. ಓದುವವನು ಕಂಡು ಹೇಳಿದರೆ ಅವನೇ ಬೆರಗಾಗಬಹುದು.

ಊಹಿಸುವ ಹಕ್ಕು ಬೇರೆ, ತಲೆಬರಹ ಹಾಕುವ ಹಕ್ಕು ಬೇರೆ. ನನಗೆ ಹೊಳೆದದ್ದನ್ನು ನನ್ನದೆಂದು ಹೇಳಬಹುದು. ‘ಅವರ ಮನಸ್ಸಿನಲ್ಲಿದ್ದದ್ದೇ ಇದು’ ಎಂದು ಅಚ್ಚು ಹಾಕಿಸುವಾಗ, ಬಂದು ‘ಅಲ್ಲ’ ಎನ್ನಲಾರದವರ ಬಾಯಿಂದ ನಾನು ಮಾತಾಡುತ್ತಿರುತ್ತೇನೆ. ಬದುಕಿದ್ದಾಗ ಎಲ್ಗಾರ್ ಒಂದಕ್ಕಾದರೂ ‘ಅಲ್ಲ’ ಎಂದ. ಸತ್ತವರಿಗೆ ಆ ಸೌಕರ್ಯವಿಲ್ಲ. ಅವರ ಪರವಾಗಿ ‘ಅಲ್ಲ’ ಎನ್ನಲು ಉಳಿದಿರುವುದು ಒಂದೇ: ನಮ್ಮ ದಾರಕ್ಕೆ ಸಿಗದ ಹೆಸರು. ಗಡಿಯಾರ, ಮಾಲ್ವೆನ್, ಗಿಲಕಿ ಪೀಪಿಯ ಸಿಂಫನಿ. ಅದನ್ನು ಸುಮ್ಮನೆ ಪಕ್ಕಕ್ಕಿಟ್ಟಾಗ ನಾವು ಅವರ ಬಾಯಿಯನ್ನೇ ಮುಚ್ಚಿರುತ್ತೇವೆ. ಅದಕ್ಕೇ ಈಗೀಗ ಯಾರಾದರೂ ತೀರಿಕೊಂಡವರ ಬಗ್ಗೆ ‘ಅವರ ಇಡೀ ಬದುಕಿನ ಸಾರ ಇಷ್ಟೇ’ ಎಂದು ಹೇಳಿದರೆ, ಆ ಸಾರಕ್ಕೆ ಸೇರದ ಒಂದು ಸಂಗತಿಯನ್ನೂ ಹೇಳಿ ಎಂದು ಕೇಳುತ್ತೇನೆ. ಹೇಳಬಲ್ಲವರ ಮಾತನ್ನು ನಂಬುತ್ತೇನೆ. ಹೇಳಲಾರದವರು ಆ ಮನುಷ್ಯನನ್ನು ಅಷ್ಟಾಗಿ ಬಲ್ಲವರಲ್ಲ ಎಂದುಕೊಳ್ಳುತ್ತೇನೆ.

ಡೆಬುಸಿ 1910ರಲ್ಲೂ 1913ರಲ್ಲೂ ಪಿಯಾನೋ ಪ್ರೆಲ್ಯೂಡುಗಳ ಎರಡು ಸಂಪುಟಗಳನ್ನು ಹೊರತಂದ. ಒಟ್ಟು ಇಪ್ಪತ್ತನಾಲ್ಕು ರಚನೆಗಳು, ಎಲ್ಲಕ್ಕೂ ಹೆಸರುಗಳಿವೆ. ಆದರೆ ಹಾಳೆ ತೆರೆದರೆ ಮೇಲುಗಡೆ ಹೆಸರು ಕಾಣುವುದಿಲ್ಲ, ಬರೀ ಸಂಖ್ಯೆ. ರಚನೆ ಪೂರ್ತಿ ಮುಗಿದ ಮೇಲೆ, ಕೆಳಗೆ, ಕಂಸದೊಳಗೆ, ಮೂರು ಚುಕ್ಕೆ ಇಟ್ಟು ಹೆಸರನ್ನು ಸಣ್ಣಗೆ ಅಚ್ಚು ಹಾಕಿಸಿದ್ದಾನೆ. ಬರೆದವನು ತಾನೇ ಆಗಿ, ಹೆಸರಿಡುವ ಪೂರ್ತಿ ಅಧಿಕಾರವಿದ್ದೂ, ಅವನು ಅಷ್ಟು ಸಂಕೋಚಪಟ್ಟ. ಮೊದಲು ಕೇಳಿ, ನಿಮಗೆ ಬೇರೆ ಏನಾದರೂ ಅನ್ನಿಸಿದ್ದರೆ ಅದೂ ಇರಲಿ, ನನಗೆ ಅನ್ನಿಸಿದ್ದು ಇದು ಎಂದ ಹಾಗಿದೆ ಆ ಚುಕ್ಕೆಗಳು. ಇನ್ನೊಬ್ಬರ ಬದುಕಿಗೆ ಹೆಸರಿಡಲು ಹೊರಡುವ ನಾವು ಅದಕ್ಕಿಂತ ಸ್ವಲ್ಪ ಹೆಚ್ಚೇ ಸಂಕೋಚಪಟ್ಟರೆ ನಷ್ಟವೇನೂ ಆಗದು.